ನಾಯಕನನ್ನು ಬದಲಿಸಿದ ಮೇಲೆ ಹಳೆಯ ನಾಯಕ ಎಲ್ಲಿ ನಿಲ್ಲಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಹೋದ ಸಲ ಮುಧೋಳ ಸಂಸ್ಥಾನದ ಕಥೆ ಶುರು ಮಾಡಿದ್ದೆ, ಅದರ ಎರಡನೇ ಭಾಗ ಈ ವಾರ ಬರಬೇಕಿತ್ತು. ಒಂದು ವಾರ ಮುಂದಕ್ಕೆ ಹಾಕಿದ್ದೀನಿ, ಕ್ಷಮಿಸಿ. ಈ ಭಾನುವಾರ ನಾನೊಂದು ವೋಟ್ ಹಾಕಬೇಕಿದೆ. ಎಲೆಕ್ಷನ್ ಅಲ್ಲ, ನಮ್ಮ ಕ್ರಿಕೆಟ್ ಟೀಮಿನ ವೋಟ್. ಅದರ ಬಗ್ಗೆ ಯೋಚನೆ ಮಾಡ್ತಾ ಮಾಡ್ತಾ ಒಂದಷ್ಟು ಹಳೇ ಕಥೆಗಳು ಕೈಗೆ ಸಿಕ್ಕವು. ಇವತ್ತು ಅವೇ.

ಮೊದಲು ನಮ್ಮ ಟೀಮಿನ ವಿಷಯ. ಟೆನಿಸ್ ಬಾಲ್ ಟೀಮ್. ರಬಕವಿ-ಬನಹಟ್ಟಿಯವರು ಐದು ಜನ, ಜಮಖಂಡಿಯವರು ನಾಲ್ಕು, ಮುಧೋಳದವರು ಮೂರು, ಬೀಳಗಿಯಿಂದ ಒಬ್ಬ ಹುಡುಗ. ಒಟ್ಟು ಹದಿಮೂರು. ಕಬ್ಬಿನ ಸೀಸನ್ ಮುಗಿದು ಬೇಸಿಗೆ ಶುರುವಾಯಿತು ಅಂದರೆ ನಮ್ಮ ಕಡೆ ಊರೂರಿಗೂ ಟೂರ್ನಮೆಂಟ್. ನಾನು ಆಡೋದು ಕಮ್ಮಿ, ಬಿ.ಕಾಂ ಮಾಡಿದ್ದಕ್ಕೆ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಎಂಟ್ರಿ ಫೀ, ಬಾಲ್, ಟೆಂಪೋ ಬಾಡಿಗೆ, ಎಲ್ಲಾ ನಾನೇ ಬರೆಯೋದು.

ನಮ್ಮ ನಾಯಕ ಬನಹಟ್ಟಿಯವನು, ಪವರ್‌ಲೂಮ್ ನಡೆಸ್ತಾನೆ. ಟೀಮ್ ಕಟ್ಟಿದ್ದೇ ಅವನು. ಮೊದಲ ಎರಡು ವರ್ಷ ಎಂಟ್ರಿ ಫೀ ಪೂರ್ತಿ ಅವನ ಜೇಬಿನಿಂದಲೇ ಹೋಗಿದೆ, ಅದು ನನ್ನ ಪುಸ್ತಕದಲ್ಲೇ ಇದೆ. ಆದರೆ ಕಳೆದ ಸೀಸನ್ ಮೂರು ಟೂರ್ನಮೆಂಟ್ ಆಡಿದ್ವಿ, ಮೂರರಲ್ಲೂ ಮೊದಲ ಸುತ್ತಿಗೇ ಮನೆಗೆ. ಅವನ ಮೊಣಕಾಲು ಮೊದಲಿನಂಗಿಲ್ಲ. ಆದರೂ ಓಪನಿಂಗ್ ಅವನೇ, ಕೊನೇ ಓವರೂ ಅವನೇ. ಬೀಳಗಿ ಹುಡುಗನಿಗೆ ಇಪ್ಪತ್ತು ವರ್ಷ, ಡಿಗ್ರಿ ಓದ್ತಿದ್ದಾನೆ, ಆಟದ ತಲೆ ಚೆನ್ನಾಗಿದೆ. ಅವನನ್ನ ನಾಯಕ ಮಾಡಬೇಕಾ ಬೇಡ್ವಾ ಅನ್ನೋದೇ ಪ್ರಶ್ನೆ. ಇಬ್ಬರೂ ವೋಟ್ ಹಾಕೋ ಹಾಗಿಲ್ಲ. ಉಳಿದ ಹನ್ನೊಂದರಲ್ಲಿ ಐದು ಆ ಕಡೆ, ಐದು ಈ ಕಡೆ. ಹನ್ನೊಂದನೆಯವನು ನಾನು.

ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬನ ಅಣ್ಣ ಇದ್ದಾನೆ, ಅಮೆರಿಕದಲ್ಲಿ ಕೆಲಸ. ಜಗಳ ನೋಡಿ ಅವನು ಒಂದೇ ಒಂದು ಮೆಸೇಜ್ ಹಾಕಿದ: ‘ಬ್ಲೆಡ್ಸೋ, ಬ್ರೇಡಿ ಕಥೆ ಓದ್ರಿ.’ ಓದಿದೆ. ಅಲ್ಲಿಂದಲೇ ಶುರು ಮಾಡೋಣ.

ಅಮೆರಿಕದವರು ಫುಟ್‌ಬಾಲ್ ಅನ್ನೋದು ಕೈಯಲ್ಲಿ ಚೆಂಡು ಹಿಡಿದು ಆಡೋ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ಇರ್ತಾನೆ. ಪ್ರತಿ ದಾಳಿಯೂ ಅವನ ಕೈಯಿಂದಲೇ ಶುರು. ಚೆಂಡು ಯಾರಿಗೆ ಎಸೀಬೇಕು, ಯಾವಾಗ ಎಸೀಬೇಕು, ಎಲ್ಲಾ ಅವನ ಲೆಕ್ಕ. ನಮ್ಮ ಕ್ರಿಕೆಟ್‌ನ ನಾಯಕ, ಓಪನರ್ ಎರಡನ್ನೂ ಸೇರಿಸಿ ಒಬ್ಬನ ತಲೆ ಮೇಲೆ ಇಟ್ಟ ಹಾಗೆ. ಟೀಮ್ ಸೋಲ್ತಿದ್ದರೆ ಅಲ್ಲಿನ ಜನ ಮೊದಲು ಕೇಳೋದೇ ಇವನನ್ನ ಬದಲಿಸಬೇಕಾ ಅಂತ.

ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡಕ್ಕೆ ಡ್ರೂ ಬ್ಲೆಡ್ಸೋ ಅಂತ ಕ್ವಾರ್ಟರ್‌ಬ್ಯಾಕ್ ಇದ್ದ. 1993ರಲ್ಲಿ ಆಟಗಾರರನ್ನ ಆರಿಸುವಾಗ ಇಡೀ ದೇಶಕ್ಕೆ ಮೊದಲನೆಯವನಾಗಿ ಆಯ್ಕೆಯಾದವನು. 2001ರ ಮಾರ್ಚ್‌ನಲ್ಲಿ ತಂಡ ಅವನ ಜೊತೆ ಹತ್ತು ವರ್ಷದ ಒಪ್ಪಂದ ಮಾಡಿಕೊಂಡಿತು. ಅದರ ಮೊತ್ತ 10 ಕೋಟಿ 30 ಲಕ್ಷ ಡಾಲರ್. ಅದೇ ವರ್ಷ ಸೆಪ್ಟೆಂಬರ್ 23ರಂದು ಎದುರಾಳಿಯೊಬ್ಬ ಜೋರಾಗಿ ಬಂದು ಗುದ್ದಿದ. ಬ್ಲೆಡ್ಸೋಗೆ ದೇಹದ ಒಳಗೇ ರಕ್ತಸ್ರಾವ. ಬದಲಿಗೆ ಇಳಿದವನು ಟಾಮ್ ಬ್ರೇಡಿ. ಹಿಂದಿನ ವರ್ಷದ ಆಯ್ಕೆಯಲ್ಲಿ ಅವನ ನಂಬರ್ 199.

ಬ್ರೇಡಿ ಬಂದ ಮೇಲೆ ತಂಡ ಗೆಲ್ಲೋಕೆ ಶುರು ಮಾಡಿತು. ನವೆಂಬರ್‌ನಲ್ಲಿ ಬ್ಲೆಡ್ಸೋ ಹುಷಾರಾಗಿ ವಾಪಸ್ ಬಂದ. ಈಗ ಯಾರು? ಕೋಚ್ ಬಿಲ್ ಬೆಲಿಚಿಕ್ ಬ್ರೇಡಿಯನ್ನೇ ಮುಂದುವರಿಸಿದರು. 2002ರ ಫೆಬ್ರವರಿಯಲ್ಲಿ ಆ ತಂಡ ಮೊದಲ ಸಲ ಸೂಪರ್ ಬೌಲ್ ಗೆದ್ದಿತು, 20-17.

ನಾನು ಕಾಮರ್ಸ್ ಹುಡುಗ, ನನಗೆ ಇದರಲ್ಲಿ ಮೊದಲು ಕಂಡಿದ್ದು ಸಂಕ್ ಕಾಸ್ಟ್. ಅಂದರೆ ಈಗಾಗಲೇ ಮುಳುಗಿ ಹೋದ ದುಡ್ಡು. ಹೊಲದಲ್ಲಿ ಬೋರ್‌ವೆಲ್ ಕೊರೆಸ್ತೀರಿ, ಮುನ್ನೂರು ಅಡಿಗೆ ನೀರಿಲ್ಲ. ‘ಇಷ್ಟು ಖರ್ಚಾಗೇತಿ, ಇನ್ನೂ ನೂರು ಅಡಿ ಹೋಗೋಣ’ ಅಂತೀವಲ್ಲ, ಅದು. ಖರ್ಚಾದ ದುಡ್ಡು ಮುಂದಿನ ನಿರ್ಧಾರಕ್ಕೆ ಕಾರಣ ಆಗಬಾರದು ಅಂತ ಕ್ಲಾಸಿನಲ್ಲಿ ಹೇಳಿಕೊಡ್ತಾರೆ. ಬೆಲಿಚಿಕ್ ಅದನ್ನೇ ಮಾಡಿದರು.

ಆದರೆ ಈ ಕಥೆಯಲ್ಲಿ ಇನ್ನೊಂದು ಪ್ಯಾರಾ ಇದೆ. ಸೂಪರ್ ಬೌಲ್‌ಗೆ ಹೋಗೋ ಮುಂಚಿನ ಪಂದ್ಯ, ಪಿಟ್ಸ್‌ಬರ್ಗ್‌ನಲ್ಲಿ. ಬ್ರೇಡಿಗೆ ಕಣಕಾಲಿಗೆ ಪೆಟ್ಟಾಯಿತು. ಒಳಗೆ ಬಂದವನು ಯಾರು? ಬ್ಲೆಡ್ಸೋ. ತಿಂಗಳುಗಟ್ಟಲೆ ಬೆಂಚ್ ಮೇಲೆ ಕೂತಿದ್ದವನು ಎದ್ದು ಬಂದು ಸ್ಕೋರಿಗೆ ಪಾಸ್ ಎಸೆದ, ಪಂದ್ಯ ಗೆಲ್ಲಿಸಿದ, 24-17. ಅವನು ಮುನಿಸಿಕೊಂಡು ಹೋಗಿದ್ದರೆ ಬ್ರೇಡಿಯ ಕಥೆ ಆ ವರ್ಷ ಅಲ್ಲಿಗೇ ನಿಲ್ಲಬಹುದಿತ್ತು. ಈ ಪ್ಯಾರಾ ಓದಿದ ಮೇಲೆ ನನ್ನ ತಲೆಯಲ್ಲಿದ್ದ ಪ್ರಶ್ನೆಯೇ ಬೇರೆ ಆಯಿತು. ಅದನ್ನಿಟ್ಟುಕೊಂಡು ನಮ್ಮದೇ ಕಥೆಗೆ ಬರ್ತೀನಿ.

2009, ರಾಯಲ್ ಚಾಲೆಂಜರ್ಸ್ ಬೆಂಗಳೂರು. ಅದಕ್ಕೂ ಮುಂಚೆ 2008 ನೆನಪು ಮಾಡಿಕೊಳ್ಳಿ, ನೆನಪು ಮಾಡಿಕೊಳ್ಳೋಕೆ ಯಾರಿಗೂ ಇಷ್ಟ ಇಲ್ಲ ಅಂತ ಗೊತ್ತು. ಮೊದಲ ಐಪಿಎಲ್, ಮೊದಲ ಪಂದ್ಯ, ಚಿನ್ನಸ್ವಾಮಿ ಕ್ರೀಡಾಂಗಣ. ಕೋಲ್ಕತ್ತದ ಬ್ರೆಂಡನ್ ಮೆಕಲಂ ಔಟಾಗದೆ 158. ನಮ್ಮವರು 82ಕ್ಕೆ ಆಲೌಟ್. ನಾಯಕ ರಾಹುಲ್ ದ್ರಾವಿಡ್, ಐಕಾನ್ ಆಟಗಾರ, 10 ಲಕ್ಷ 35 ಸಾವಿರ ಡಾಲರ್. ಆ ಸೀಸನ್ 14 ಪಂದ್ಯದಲ್ಲಿ ಗೆದ್ದಿದ್ದು ನಾಲ್ಕು. ಎಂಟು ತಂಡದಲ್ಲಿ ಏಳನೇ ಸ್ಥಾನ. ಸೀಸನ್ ನಡೀತಿರುವಾಗಲೇ ತಂಡದ ಸಿಇಒ ಚಾರು ಶರ್ಮಾ ಹುದ್ದೆ ಹೋಯಿತು.

2009ರ ಹರಾಜಿನಲ್ಲಿ ಆರ್‌ಸಿಬಿ ಕೆವಿನ್ ಪೀಟರ್‌ಸನ್ ಅವರನ್ನ ಕೊಂಡಿತು, 15 ಲಕ್ಷ 50 ಸಾವಿರ ಡಾಲರ್. ಆ ವರ್ಷ ಅವರಿಗೂ ಆಂಡ್ರ್ಯೂ ಫ್ಲಿಂಟಾಫ್‌ಗೂ ಸಿಕ್ಕಿದ್ದೇ ಅತಿ ಹೆಚ್ಚಿನ ಬೆಲೆ. ದ್ರಾವಿಡ್ ಬದಲು ಅವರನ್ನೇ ನಾಯಕ ಮಾಡಿದರು. ಗಮನಿಸಿ, ಅದೇ ವರ್ಷ ಜನವರಿಯಲ್ಲಿ ಕೋಚ್ ಪೀಟರ್ ಮೂರ್ಸ್ ಜೊತೆಗಿನ ಜಗಳದಲ್ಲಿ ಪೀಟರ್‌ಸನ್ ಇಂಗ್ಲೆಂಡ್ ನಾಯಕತ್ವ ಬಿಟ್ಟಿದ್ದರು. ಮೇ ಶುರುವಿಗೆ ಇಂಗ್ಲೆಂಡ್ ಪರ ಆಡೋಕೆ ವಾಪಸ್ ಹೋಗ್ತಾರೆ ಅನ್ನೋದೂ ಎಲ್ಲರಿಗೂ ಮೊದಲೇ ಗೊತ್ತಿತ್ತು. ಅಂದರೆ ಪೂರ್ತಿ ಸೀಸನ್ ಇರದ ಮನುಷ್ಯನಿಗೆ ನಾಯಕತ್ವ. ಜಾಸ್ತಿ ದುಡ್ಡು ಕೊಟ್ಟಿದ್ದೀವಿ, ಆದ್ದರಿಂದ ಜಾಸ್ತಿ ಜವಾಬ್ದಾರಿ. ಇದೂ ಬೋರ್‌ವೆಲ್ ಲೆಕ್ಕವೇ ಅನಿಸುತ್ತೆ ನನಗೆ.

ಆ ವರ್ಷ ಲೋಕಸಭಾ ಚುನಾವಣೆ ಇದ್ದಿದ್ದರಿಂದ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಏಪ್ರಿಲ್ 18, ಕೇಪ್‌ಟೌನ್, ಹಿಂದಿನ ವರ್ಷದ ಚಾಂಪಿಯನ್ ರಾಜಸ್ಥಾನ ರಾಯಲ್ಸ್ ಎದುರು. ಆರ್‌ಸಿಬಿ 133 ಹೊಡೆಯಿತು. ಅದರಲ್ಲಿ 66 ದ್ರಾವಿಡ್ ಅವರದ್ದು. ಆಮೇಲೆ ಅನಿಲ್ ಕುಂಬ್ಳೆ ಐದು ರನ್ ಕೊಟ್ಟು ಐದು ವಿಕೆಟ್. ರಾಜಸ್ಥಾನ 58ಕ್ಕೆ ಆಲೌಟ್. ಈ ಪಂದ್ಯವನ್ನ ನಾನು ಎಷ್ಟೋ ಸಲ ಹೈಲೈಟ್ಸ್‌ನಲ್ಲಿ ನೋಡಿದ್ದೀನಿ. ಆದರೆ ಒಂದು ವಿಷಯ ಹೊಳೆದಿದ್ದು ಈ ವಾರವೇ. ಆ ಹನ್ನೊಂದು ಜನರಲ್ಲಿ ಹಿಂದಿನ ನಾಯಕ, ಇಂದಿನ ನಾಯಕ, ಮುಂದಿನ ನಾಯಕ ಮೂವರೂ ಇದ್ದರು. ಗೆಲ್ಲಿಸಿದವರು ಹಿಂದಿನವರು ಮತ್ತು ಮುಂದಿನವರು.

ಅಲ್ಲಿಂದ ಸಾಲಾಗಿ ನಾಲ್ಕು ಸೋಲು. ಚೆನ್ನೈ ಎದುರು 92 ರನ್ನಿನ ಸೋಲು ಬೇರೆ. ಪೀಟರ್‌ಸನ್ ಆರು ಪಂದ್ಯ ಆಡಿ ಹೊಡೆದಿದ್ದು 93 ರನ್. ಆರರಲ್ಲಿ ಎರಡು ಗೆಲುವು. ಆಮೇಲೆ ಅವರು ಇಂಗ್ಲೆಂಡಿಗೆ ಹೊರಟರು, ಕುಂಬ್ಳೆ ನಾಯಕರಾದರು. ಆಗ ಅವರಿಗೆ 38 ವರ್ಷ, ಟೆಸ್ಟ್‌ನಿಂದ ನಿವೃತ್ತಿಯಾಗಿ ಆರು ತಿಂಗಳು. 2008ರಲ್ಲಿ ತಂಡ ಅವರಿಗೆ ಕೊಟ್ಟಿದ್ದು 5 ಲಕ್ಷ ಡಾಲರ್, ಪೀಟರ್‌ಸನ್ ಬೆಲೆಯ ಮೂರನೇ ಒಂದು ಭಾಗಕ್ಕೂ ಕಮ್ಮಿ.

ಉಳಿದ ಎಂಟು ಲೀಗ್ ಪಂದ್ಯದಲ್ಲಿ ಆರು ಗೆದ್ದರು. ಸೆಮಿಫೈನಲ್‌ನಲ್ಲಿ ಚೆನ್ನೈಯನ್ನ ಸೋಲಿಸಿದರು. ಮೇ 24, ಜೋಹಾನ್ಸ್‌ಬರ್ಗ್, ಡೆಕ್ಕನ್ ಚಾರ್ಜರ್ಸ್ ಎದುರು ಫೈನಲ್. ನಾನಾಗ ಚಿಕ್ಕ ಹುಡುಗ, ಬೇಸಿಗೆ ರಜೆ. ನಮ್ಮ ಓಣಿಯಲ್ಲಿ ಒಂದೇ ಮನೆಯಲ್ಲಿ ಇಪ್ಪತ್ತು ಜನ ಕೂತಿದ್ವಿ. ಕುಂಬ್ಳೆ ಮೊದಲ ಓವರ್ ತಾವೇ ತಗೊಂಡರು, ಗಿಲ್‌ಕ್ರಿಸ್ಟ್ ಸೊನ್ನೆಗೆ ಬೌಲ್ಡ್. ಆ ಕೂಗು ಇನ್ನೂ ಕಿವಿಯಲ್ಲಿದೆ. 16 ರನ್ನಿಗೆ ನಾಲ್ಕು ವಿಕೆಟ್ ತಗೊಂಡರು. ಡೆಕ್ಕನ್ 143. ನಾವು 137. ಆರು ರನ್ನಿನಿಂದ ಸೋತ್ವಿ. ಸೋತ ತಂಡದ ನಾಯಕನೇ ಪಂದ್ಯಶ್ರೇಷ್ಠ.

ಈಗ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ‘ಪೀಟರ್‌ಸನ್ ಹೋದ್ರು, ಕುಂಬ್ಳೆ ಬಂದ್ರು, ಗೆದ್ರು’ ಅಂತ ಮೂರೇ ಮಾತಿನಲ್ಲಿ ಮುಗಿಸೋದು ಸುಲಭ. ಆದರೆ ಆರು ಪಂದ್ಯ ನೋಡಿ ನಾಯಕನ ಯೋಗ್ಯತೆ ಅಳೆಯೋಕೆ ಆಗಲ್ಲ. ಕುಂಬ್ಳೆ ಕಾಲದಲ್ಲೇ ರಾಸ್ ಟೇಲರ್ ಕೋಲ್ಕತ್ತ ಎದುರು 33 ಚೆಂಡಿಗೆ 81 ಹೊಡೆದರು. ನಮ್ಮ ಮನೀಶ್ ಪಾಂಡೆ ಡೆಕ್ಕನ್ ಎದುರು ಔಟಾಗದೆ 114 ಹೊಡೆದು, ಐಪಿಎಲ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯ ಆದರು. ಅವೆಲ್ಲ ನಾಯಕನ ಖಾತೆಗೆ ಜಮಾ ಮಾಡಿದರೆ ಲೆಕ್ಕ ತಪ್ಪುತ್ತೆ. ನನಗೆ ಖಾತ್ರಿಯಾಗಿ ಹೇಳಬಹುದು ಅನಿಸೋದು ಇಷ್ಟೇ: ಬದಲಾವಣೆ ಮಾಡಲೇಬೇಕಾಗಿ ಬಂದಾಗ ಆರ್‌ಸಿಬಿ ಹೊರಗೆ ಹುಡುಕಬೇಕಾಗಲಿಲ್ಲ. ಕುಂಬ್ಳೆ ಅಲ್ಲೇ ಇದ್ದರು, ಇನ್ನೊಬ್ಬರ ಕೈಕೆಳಗೆ ಮನಸ್ಸಿಟ್ಟು ಆಡ್ತಾ ಇದ್ದರು. ದ್ರಾವಿಡ್ ಕೂಡ ನಾಯಕತ್ವ ಕಳೆದುಕೊಂಡು ಆಡಿದ ಮೊದಲ ಪಂದ್ಯದಲ್ಲೇ 66 ಹೊಡೆದರು. ಭಾರತ ತಂಡದಲ್ಲೂ ಹಾಗೇ ಆಗಿತ್ತು. 2007ರ ಸೆಪ್ಟೆಂಬರ್‌ನಲ್ಲಿ ದ್ರಾವಿಡ್ ತಾವಾಗಿಯೇ ನಾಯಕತ್ವ ಬಿಟ್ಟರು, ಟೆಸ್ಟ್ ತಂಡ ಕುಂಬ್ಳೆ ಕೈಗೆ ಬಂತು, ದ್ರಾವಿಡ್ ಅವರ ಕೆಳಗೆ ಆಡಿದರು.

ಬದಲಾವಣೆ ಕೆಟ್ಟದಾಗಿ ಮಾಡಿದರೆ ಏನಾಗುತ್ತೆ ಅನ್ನೋದಕ್ಕೂ ಭಾರತದ ಕ್ರಿಕೆಟ್‌ನಲ್ಲೇ ಉದಾಹರಣೆ ಇದೆ. 1958-59ರಲ್ಲಿ ವೆಸ್ಟ್ ಇಂಡೀಸ್ ತಂಡ ಇಲ್ಲಿಗೆ ಬಂದಿತ್ತು. ಐದು ಟೆಸ್ಟ್‌ಗೆ ನಾಲ್ಕು ನಾಯಕರು. ಮೊದಲ ಟೆಸ್ಟ್‌ಗೆ ಪಾಲಿ ಉಮ್ರಿಗರ್, ಎರಡು ಮತ್ತು ಮೂರಕ್ಕೆ ಗುಲಾಂ ಅಹ್ಮದ್, ನಾಲ್ಕಕ್ಕೆ ವಿನೂ ಮಂಕಡ್, ಐದಕ್ಕೆ ಹೇಮು ಅಧಿಕಾರಿ. ನಾಲ್ಕನೇ ಟೆಸ್ಟ್‌ಗೆ ಮತ್ತೆ ಉಮ್ರಿಗರ್ ಅವರೇ ನಾಯಕ ಅಂತ ಇತ್ತು. ಯಾರನ್ನ ಆಡಿಸಬೇಕು ಅನ್ನೋ ಜಗಳದಲ್ಲಿ ಪಂದ್ಯದ ಹೊತ್ತಿಗೆ ಅವರು ನಾಯಕತ್ವ ಬಿಟ್ಟರು. ಸರಣಿ 3-0, ನಮ್ಮ ಸೋಲು. ನಾಲ್ವರೂ ಒಳ್ಳೇ ಆಟಗಾರರೇ. ಆದರೆ ನಾಳೆ ಯಾರು ಅನ್ನೋದೇ ಗೊತ್ತಿಲ್ಲದ ತಂಡದಲ್ಲಿ ಯಾರ ಮಾತು ಯಾರು ಕೇಳ್ತಾರೆ?

1958 ಅಂದ ಕೂಡಲೇ ಜಮಖಂಡಿಯವರಿಗೆ ಬೇರೆ ಒಂದು ನೆನಪಾಗಬೇಕು. ಇತಿಹಾಸದ ಪಾಡ್‌ಕಾಸ್ಟ್ ಅಂತ ಹೆಸರಿಟ್ಟುಕೊಂಡು ಬರೀ ಕ್ರಿಕೆಟ್ ಹೇಳಿದರೆ ನೀವು ಬೈತೀರಿ, ಹಾಗಾಗಿ ಸ್ವಲ್ಪ ಹೊತ್ತು ಮೈದಾನದಿಂದ ವಿಧಾನಸೌಧಕ್ಕೆ ಹೋಗೋಣ. ಅಲ್ಲೂ ಇದೇ ಪ್ರಶ್ನೆ ಎದ್ದಿತ್ತು, ಮತ್ತೆ ಎರಡು ಸಲವೂ ಬದಲಿ ಆಟಗಾರ ನಮ್ಮ ಸೀಮೆಯವರೇ.

1956ರ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಯಿತು, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿ. ಎರಡು ವರ್ಷ ಆಗೋದರೊಳಗೆ ಅವರದೇ ಪಕ್ಷದ ಶಾಸಕರಲ್ಲಿ ಅಸಮಾಧಾನ. ಅವರು ಇಳಿದರು. 1958ರ ಮೇ 16ರಂದು ಆ ಜಾಗಕ್ಕೆ ಬಂದವರು ಬಿ.ಡಿ. ಜತ್ತಿ, ಜಮಖಂಡಿ ತಾಲೂಕಿನ ಸಾವಳಗಿಯವರು. ಜಮಖಂಡಿಯಲ್ಲಿ ವಕೀಲಿ ಮಾಡಿ, ಪುರಸಭೆಯಲ್ಲಿ ಕೂತು, ಜಮಖಂಡಿ ಸಂಸ್ಥಾನದ ದಿವಾನರಾಗಿ, ಮುಂಬಯಿ ಸರ್ಕಾರದಲ್ಲಿ ಉಪಮಂತ್ರಿಯಾಗಿ ಬಂದವರು. 1962ರ ಮಾರ್ಚ್‌ವರೆಗೆ ರಾಜ್ಯ ನಡೆಸಿದರು.

1962ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು, ಆದರೆ ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತರು. ಆಗ ಮುಖ್ಯಮಂತ್ರಿ ಆದವರು ಹುನಗುಂದದ ಎಸ್.ಆರ್. ಕಂಠಿ, ಅದಕ್ಕೆ ಮುಂಚೆ ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಮಾರ್ಚ್ 14ರಿಂದ ಜೂನ್ 20, ಮೂರು ತಿಂಗಳ ಮೇಲೆ ಒಂದು ವಾರ. ಅಷ್ಟರಲ್ಲಿ ನಿಜಲಿಂಗಪ್ಪ ಬಾಗಲಕೋಟೆ ಉಪಚುನಾವಣೆಯಲ್ಲಿ ಆರಿಸಿಬಂದರು. ಕಂಠಿಯವರು ಕುರ್ಚಿ ಬಿಟ್ಟುಕೊಟ್ಟರು. ಇವತ್ತಿನ ರಾಜಕೀಯ ನೋಡಿದವರಿಗೆ ಇದು ನಂಬೋಕೇ ಕಷ್ಟ.

ನನಗೆ ಮುಖ್ಯ ಅನಿಸೋದು ಆಮೇಲಿನದು. ಕಂಠಿಯವರು ನಿಜಲಿಂಗಪ್ಪನವರ ಸಂಪುಟದಲ್ಲೇ ಶಿಕ್ಷಣ ಮಂತ್ರಿಯಾದರು. ಜತ್ತಿಯವರು ಅದೇ ಸಂಪುಟದಲ್ಲಿ ಹಣಕಾಸು ಮಂತ್ರಿಯಾದರು. ಹಿಂದೆ ಮುಖ್ಯಮಂತ್ರಿಗಳಾಗಿದ್ದ ಇಬ್ಬರು ಒಬ್ಬನೇ ಮುಖ್ಯಮಂತ್ರಿಯ ಕೈಕೆಳಗೆ ಕೆಲಸ ಮಾಡಿದರು. ಎಲ್ಲಾ ಪ್ರೀತಿಯಿಂದಲೇ ನಡೀತು ಅಂತ ನಾನು ಹೇಳ್ತಿಲ್ಲ, ರಾಜಕೀಯ ರಾಜಕೀಯವೇ. ಆದರೆ ಅವರಿಗೆ ಕೊಟ್ಟಿದ್ದು ಸಮಾಧಾನಕ್ಕೆ ಒಂದು ಕುರ್ಚಿ ಅಲ್ಲ, ಮಾಡೋಕೆ ನಿಜವಾದ ಕೆಲಸ. ಜತ್ತಿಯವರು ಮುಂದೆ ಉಪರಾಷ್ಟ್ರಪತಿ ಆದರು. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿ. ಆ ಜುಲೈನಲ್ಲಿ ಹೊಸ ರಾಷ್ಟ್ರಪತಿ ಬಂದರು, ಜತ್ತಿಯವರು ಉಪರಾಷ್ಟ್ರಪತಿ ಕೆಲಸಕ್ಕೆ ವಾಪಸ್. ಬದಲಿಗೆ ಇಳಿಯೋದು, ಕೆಲಸ ಮುಗಿದ ಮೇಲೆ ಹಿಂದೆ ಸರಿಯೋದು, ಎರಡೂ ಸಾವಳಗಿಯ ಆ ಮನುಷ್ಯನಿಗೆ ಗೊತ್ತಿತ್ತು.

ಆರ್‌ಸಿಬಿ ಕಥೆಗೆ ಒಂದು ಬಾಲ ಇದೆ, ಅದನ್ನೂ ಹೇಳಿಬಿಡ್ತೀನಿ. 2012ರಲ್ಲಿ ನಾಯಕ ಡೇನಿಯಲ್ ವೆಟೋರಿ. ಹನ್ನೊಂದರಲ್ಲಿ ವಿದೇಶಿಯರು ನಾಲ್ಕೇ ಜನ ಇರಬೇಕು ಅನ್ನೋ ನಿಯಮ. ಮುರಳೀಧರನ್‌ಗೆ ಜಾಗ ಮಾಡಿಕೊಡೋಕೆ ವೆಟೋರಿ ತಾವೇ ಹೊರಗೆ ಕೂತರು, ವಿರಾಟ್ ಕೊಹ್ಲಿ ತಂಡ ನಡೆಸಿದರು. ಮುಂದಿನ ವರ್ಷದಿಂದ ಕೊಹ್ಲಿ ಪೂರ್ಣ ನಾಯಕ. ಕೊಹ್ಲಿ 2021ರ ನಂತರ ಬಿಟ್ಟರು, ತಂಡದಲ್ಲೇ ಉಳಿದರು. 2025ರಲ್ಲಿ ನಾಯಕ ಆದ ರಜತ್ ಪಾಟೀದಾರ್ ಯಾರು ಗೊತ್ತಾ? 2022ರ ಹರಾಜಿನಲ್ಲಿ ಯಾರೂ ಕೊಳ್ಳದೆ ಬಿಟ್ಟವರು. ಕರ್ನಾಟಕದ ಲವನೀತ್ ಸಿಸೋಡಿಯಾ ಗಾಯಗೊಂಡಾಗ ಬದಲಿಯಾಗಿ ತಂಡಕ್ಕೆ ಬಂದವರು. ಅವರ ನಾಯಕತ್ವದಲ್ಲಿ, ಮಾಜಿ ನಾಯಕ ಕೊಹ್ಲಿ ಜೊತೆಗೇ ಆಡ್ತಾ, 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ಎದುರು ಗೆದ್ವಿ. ಅಂತರ? ಆರು ರನ್. ಮರುದಿನ ಚಿನ್ನಸ್ವಾಮಿ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಆ ಗೆಲುವು ನೆನೆಸಿದಾಗಲೆಲ್ಲ ಅವರನ್ನೂ ನೆನೆಸಬೇಕು.

ಸರಿ, ಈಗ ಭಾನುವಾರದ ವೋಟ್.

ಇಷ್ಟು ದಿನ ನಾವು ಗ್ರೂಪಿನಲ್ಲಿ ಚರ್ಚೆ ಮಾಡಿದ್ದೆಲ್ಲ ಒಂದೇ: ಬೀಳಗಿ ಹುಡುಗ ಮೇಲೋ, ಹಳೇ ನಾಯಕ ಮೇಲೋ. ಇಷ್ಟು ಓದಿದ ಮೇಲೆ ನನಗೆ ಅದು ಅರ್ಧ ಪ್ರಶ್ನೆ ಅನಿಸ್ತಿದೆ. ಉಳಿದ ಅರ್ಧ: ಬದಲಿಸಿದ ಮೇಲೆ ಹಳಬನಿಗೆ ನಾವು ಏನು ಕೆಲಸ ಉಳಿಸ್ತೀವಿ? ಬ್ಲೆಡ್ಸೋ ಬೆಂಚ್ ಮೇಲೆ ತಯಾರಾಗಿ ಕೂತಿದ್ದ. ದ್ರಾವಿಡ್ ಹೊಸ ನಾಯಕನ ಕೆಳಗೆ ಬ್ಯಾಟ್ ಹಿಡಿದರು. ಕಂಠಿಯವರಿಗೆ ಶಿಕ್ಷಣ ಇಲಾಖೆ ಸಿಕ್ಕಿತು. ನಮ್ಮ ಗ್ರೂಪಿನಲ್ಲಿ ಬದಲಾವಣೆ ಬೇಕು ಅಂದ ಐದು ಜನರಲ್ಲಿ ಒಬ್ಬರೂ ಇದರ ಬಗ್ಗೆ ಮಾತಾಡಿಲ್ಲ. ಬೇಡ ಅಂದ ಐದು ಜನ ಅವನು ಹಾಕಿದ ದುಡ್ಡಿನ ಬಗ್ಗೆಯೇ ಮಾತಾಡ್ತಿದ್ದಾರೆ, ಅದು ಸಂಕ್ ಕಾಸ್ಟ್. ಆ ಋಣ ತೀರಿಸೋದು ನಮ್ಮ ಧರ್ಮ, ಒಪ್ತೀನಿ. ಆದರೆ ನಾಯಕತ್ವ ಕೊಟ್ಟು ತೀರಿಸೋ ಸಾಲ ಅಲ್ಲ ಅದು.

ಅದಕ್ಕೇ ಮೊನ್ನೆ ಬುಧವಾರ ಸಂಜೆ ಅವನ ಹತ್ತಿರ ಹೋದೆ. ವೋಟ್ ಆದ ಮೇಲೆ ಬೇರೆಯವರ ಬಾಯಿಂದ ಕೇಳಬಾರದು ಅಂತ. ಮಗ್ಗದ ಸದ್ದಿನಲ್ಲಿ ಮಾತಾಡೋಕೆ ಆಗಲ್ಲ, ಹೊರಗೆ ಕಟ್ಟೆ ಮೇಲೆ ಕೂತ್ವಿ. ನೇರವಾಗಿ ಹೇಳಿದೆ: ನನ್ನ ವೋಟ್ ಹುಡುಗನಿಗೆ. ಆದರೆ ನೀನು ಓಪನಿಂಗ್ ಬಿಟ್ಟು ಐದನೇ ನಂಬರಿಗೆ ಬಾ, ಸ್ಲಿಪ್‌ನಲ್ಲಿ ಹುಡುಗನ ಪಕ್ಕ ನಿಲ್ಲು, ಟೀಮ್ ಆರಿಸುವಾಗ ನೀನಿರಲೇಬೇಕು. ಇದಕ್ಕೆ ಒಪ್ಪದಿದ್ದರೆ ನಾನು ವೋಟೇ ಹಾಕಲ್ಲ ಅಂತ ಉಳಿದ ಹತ್ತು ಜನಕ್ಕೂ ಹೇಳ್ತೀನಿ.

ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, ‘ಹುಡುಗ ಕೊನೇ ಓವರ್ ಯಾರಿಗೆ ಕೊಡ್ತಾನಂತ?’ ಅಂದ. ಗೊತ್ತಿಲ್ಲ ಅಂದೆ. ‘ನನಗ ಕೊಡಬ್ಯಾಡ ಅಂತ ಹೇಳು. ಮೊಣಕಾಲು ಹೋದ ವರ್ಷಾನ ಹೋಗೇತಿ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.’

ಒಂದು ವರ್ಷ ನಾವೆಲ್ಲ ಅವನ ಬೌಲಿಂಗ್ ಬಗ್ಗೆ ಬೈತಾ ಇದ್ವಿ, ಅವನ ಕಾಲಿನ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ಲೆಕ್ಕದ ಪುಸ್ತಕ ಇಟ್ಟುಕೊಂಡ ನಾನೂ ಕೇಳಿರಲಿಲ್ಲ. ನನಗೆ ನಾಚಿಕೆ ಆಯಿತು.

ಹೊರಡುವಾಗ ಕಿಟ್ ಬ್ಯಾಗ್ ಎಲ್ಲಿಡೋದು ಅಂತ ಕೇಳಿದೆ. ಇಷ್ಟು ವರ್ಷ ಅವನ ಮನೆಯಲ್ಲೇ ಇರೋದು. ‘ಅದು ಎಲ್ಲಿಗೂ ಹೋಗಂಗಿಲ್ಲ, ಇಲ್ಲೇ ಇರ್ತೈತಿ. ಹುಡುಗಗ ಹೇಳು, ಬೆಳಿಗ್ಗೆ ಆರಕ್ಕ ಬಂದು ಒಯ್ಯಿ ಅಂತ’ ಅಂದ.

ಭಾನುವಾರ ಏನಾಯಿತು ಅಂತ ಮುಂದಿನ ಸಂಚಿಕೆಯ ಶುರುವಿನಲ್ಲಿ ಹೇಳ್ತೀನಿ, ಆಮೇಲೆ ಮುಧೋಳ ಸಂಸ್ಥಾನದ ಎರಡನೇ ಭಾಗ, ಈ ಸಲ ತಪ್ಪಿಸಲ್ಲ. ನಿಮ್ಮ ಊರಿನ ಟೀಮಿನಲ್ಲೂ ಇಂಥದ್ದು ನಡೆದಿದ್ದರೆ ನನಗೆ ಬರೆದು ಕಳಿಸಿ. ಗೆದ್ದಿದ್ದಷ್ಟೇ ಅಲ್ಲ, ಹಳೇ ನಾಯಕ ಆಮೇಲೆ ಏನು ಮಾಡಿದರು ಅನ್ನೋದನ್ನೂ ಬರೀರಿ. ಬರ್ತೀನ್ರೀ, ನಮಸ್ಕಾರ.